ಬುಯೆಂಕಾಮಿನೋನ ‘ಲಾರವಾನ್’

ಫಿಲಿಪ್ಪೀನ್ ದ್ವೀಪಗಳ ಸಂಗೀತಗಾರನಾದ ಫ್ರಾನ್ಸಿಸ್ಕೋ ಬುಯೆಂಕಾಮಿನೋನ ಹೆಸರು ನಮ್ಮ ವಾಚಕರಲ್ಲಿ ಬಹುಮಂದಿಗೆ ಹೊಸದಾಗಿ ತೋರಬಹುದು. ಬುಲಕಾನ್ ಪ್ರಾಂತದ ಸಾನ್ ಮಿಗೆಲ್ ಎಂಬ ಊರಿನಲ್ಲಿ ೧೮೮೩ರಲ್ಲಿ ಹುಟ್ಟಿ ೧೯೫೨ರಲ್ಲಿ ತೀರಿಕೊಂಡ ಈತನು ಸಂಗೀತ ನಾಟಕಗಳನ್ನು ರಚಿಸಿದನು; ಮನಿಲಾ ನಗರದಲ್ಲಿ ಉಪಾಧ್ಯಾಯನಾಗಿದ್ದು ೧೯೩೦ರಲ್ಲಿ ತನ್ನದೇ ಒಂದು ಸಂಗೀತಶಾಲೆಯನ್ನು ತೆರೆದನು. ಈತನ ಮೇರುಕೃತಿಯೆಂದು ಹೆಸರಾದುದು ೧೯೪೩ರಲ್ಲಿ ಆರಂಭವಾಗಿ ೧೯೪೮ರಲ್ಲಿ ಮುಗಿದ ‘ಮಯೋನ್’ ಎಂಬ ಕನ್ಚೆರ್ಟೊ. ನಾವಿಲ್ಲಿ ವಿಚಾರಿಸಬೇಕೆಂದಿರುವುದು ಅದನ್ನಲ್ಲ, ೧೯೪೩ರಲ್ಲಿಯೇ ಬರೆದ ‘ಲಾರವಾನ್’ ಎಂಬ ಪಿಯಾನೋ ರಚನೆಯನ್ನು. ತಗಾಲೊಗ್ ನುಡಿಯಲ್ಲಿ ಈ ಮಾತಿಗೆ ಚಿತ್ರವೆಂದು ಅರ್ಥ. ಅದಕ್ಕೆ ಆಧಾರವಾದುದು ‘ಬಲಿತಾವ್’ ಎಂಬ ಹಳ್ಳಿಯ ಹಾಡಿನ ಒಂದು ಮಟ್ಟು.

ಬಲಿತಾವೆಂದರೆ ಬರಿಯ ಹಾಡಲ್ಲ. ವಿಸಾಯ ದ್ವೀಪಗಳಲ್ಲಿ ಗಂಡೊಂದು ಹೆಣ್ಣೊಂದು ಎದುರುಬದುರಾಗಿ ನಿಂತು, ಕುಣಿಯುತ್ತ, ಆಗಿಂದಾಗ ಪದ ಕಟ್ಟಿ ನಡೆಸುವ ವಾಗ್ವಾದವದು. ಗಂಡು ಬೇಡುತ್ತಾನೆ, ಹೆಣ್ಣು ನಿರಾಕರಿಸುತ್ತಾಳೆ, ಇಲ್ಲವೆ ಹಂಗಿಸುತ್ತಾಳೆ, ಇಲ್ಲವೆ ಆಗದ ಕೆಲಸಗಳನ್ನು ಒಡ್ಡಿ ಅವನ ಜಾಣ್ಮೆಯನ್ನು ಪರೀಕ್ಷಿಸುತ್ತಾಳೆ. ಮಟ್ಟು ಮೂರೆಣಿಕೆಯದು, ಸರಳವಾದುದು. ಸರಳವಾಗಿರಲೇಬೇಕು, ಏಕೆಂದರೆ ಹಾಡುವವನ ಬುದ್ಧಿಯೆಲ್ಲ ಮುಂದಿನ ಉತ್ತರದ ಮೇಲಿರುತ್ತದೆ. ಕೇಳಲು ನೆರೆದವರಿಗೂ ರಾಗಕ್ಕಿಂತ ಉತ್ತರವೇ ಮುಖ್ಯ.

ಹೀಗಿರಲು, ಮಾತನ್ನೂ ಕುಣಿತವನ್ನೂ ಎದುರಾಳಿಯನ್ನೂ ತೆಗೆದುಹಾಕಿ, ಉಳಿದ ಮಟ್ಟನ್ನು ಹತ್ತು ಬೆರಳುಗಳಿಗೆ ಒಪ್ಪಿಸಿದರೆ ಅದು ಬಲಿತಾವಾಗಿ ಉಳಿಯುವುದೆ? ಹಳ್ಳಿಯ ಸೊತ್ತಿಗೆ ಪರದೇಶದ ಉಡುಪು ತೊಡಿಸಿ ಪಟ್ಟಣದ ದಿವಾನಖಾನೆಗಳಲ್ಲಿ ಮೆರೆಸಿದರೆಂಬ ದೂರು ಇಂಥ ಕೃತಿಗಳ ಮೇಲೆ ಬರುವುದು ಸಹಜ. ಈ ದೂರನ್ನು ಬಾಳಿನಲ್ಲಿಯೇ ಆಚರಿಸಿ ತೋರಿಸಿದವನು ಹೋಸೆ ಮಸೇದಾ. ಪ್ಯಾರಿಸ್ಸಿನಲ್ಲಿ ಕೊರ್ತೋವಿನಂಥ ಗುರುವಿನಲ್ಲಿ ಕಲಿತ ಈ ಪಿಯಾನೋ ವಾದಕನು ಮುಂದೆ ಆ ವಾದ್ಯವನ್ನು ಬದಿಗಿಟ್ಟು, ೧೯೫೩ರಿಂದೀಚೆಗೆ ಗುಡ್ಡಗಾಡುಗಳಲ್ಲಿ ಅಲೆದು ಜಾಗಟೆ ಬಿದಿರುಗಳ ಸಂಗೀತವನ್ನು ಸಂಗ್ರಹಿಸಿದನು. ೧೯೭೪ರಲ್ಲಿ ಮನಿಲಾದ ಇಪ್ಪತ್ತು ರೇಡಿಯೋ ನಿಲಯಗಳಿಂದ ಏಕಕಾಲದಲ್ಲಿ ಹೊರಡುವಂತೆ ‘ಉಗ್ನಾಯನ್’ ಎಂಬ ಕೃತಿಯನ್ನೂ ರಚಿಸಿದನು. ಅವನ ದೃಷ್ಟಿಯಿಂದ ನೋಡಿದರೆ ಪಿಯಾನೋ ಎಂಬುದೇ ಪ್ರಶ್ನಾರ್ಹವಾದ ವಸ್ತು.

ಮಸೇದಾನಲ್ಲಿ ನಮಗೆ ಬಹಳ ಗೌರವವುಂಟು. ಆದರೆ ಜಾಗಟೆಯ ವಿಷಯದಲ್ಲಿ ದಿಟವಾದುದು ಬಲಿತಾವಿನ ವಿಷಯದಲ್ಲಿ ಹಾಗೆಯೇ ದಿಟವಾಗದು. ಸ್ಪೇನಿನವರು ಆ ದ್ವೀಪಗಳನ್ನು ೧೫೬೫ರಿಂದ ೧೮೯೮ರ ವರೆಗೆ ಆಳಿದರು. ಆ ಮುನ್ನೂರು ಚಿಲ್ಲರೆ ವರ್ಷಗಳಲ್ಲಿ ಗಿಟಾರೂ ಹಾರ್ಪೂ ಹಳ್ಳಿಗಳ ವಾದ್ಯಗಳೇ ಆಗಿಹೋದುವು. ಇಂದು ನಾವು ಕೇಳುವ ಬಲಿತಾವು ಆ ತಂತಿಗಳ ಮಗ್ಗುಲಲ್ಲಿ ಬೆಳೆದುದು. ಸ್ವರಮೇಳವು ಅದಕ್ಕೆ ಹೊರಗಿನದಲ್ಲ. ಹಾರ್ಮೋನಿಯಂ ಮೇಲೆ ತೋಡಿಯನ್ನು ನುಡಿಸಹೊರಟವನ ಪಾಡನ್ನು ಬಲ್ಲ ನಮಗೆ ಇಲ್ಲಿಯ ವ್ಯತ್ಯಾಸವು ಕೂಡಲೆ ಹೊಳೆಯಬೇಕು: ಅಲ್ಲಿ ಗಮಕವೇ ಹರಿದುಹೋಗುತ್ತದೆ, ಇಲ್ಲಿ ಮಟ್ಟಿಗೆ ಅಂಥ ಗಾಯವಾಗುವುದಿಲ್ಲ. ಗಾಯವಾಗುವುದು ಬೇರೊಂದು ಕಡೆ. ಅಣಕಿಸುವ ಹೆಣ್ಣಿನ ದನಿ ಇಲ್ಲವಾಯಿತು. ಮುಂದಿನ ನುಡಿ ಏನು ಬಂದೀತೋ ಎಂಬ ಕುತೂಹಲ ಇಲ್ಲವಾಯಿತು. ಬರೆದಿಟ್ಟ ಕೃತಿಯಲ್ಲಿ ಉತ್ತರವು ಮೊದಲೇ ಗೊತ್ತಾಗಿರುತ್ತದೆ.

ಬುಯೆಂಕಾಮಿನೋನು ಇದನ್ನರಿತಿದ್ದನೆಂದು ಅವನಿಟ್ಟ ಹೆಸರಿನಿಂದಲೇ ನಾವು ಊಹಿಸುತ್ತೇವೆ. ‘ಬಲಿತಾವ್’ ಎನ್ನಲಿಲ್ಲ, ಚಿತ್ರವೆಂದನು. ಚಿತ್ರದಲ್ಲಿರುವ ಜನ ಮಾತನಾಡುವುದಿಲ್ಲ. ಅವರು ಮಾತನಾಡುತ್ತಿದ್ದರೆಂಬುದು ಮಾತ್ರ ತಿಳಿಯುತ್ತದೆ. ಅವನು ಬುಲಕಾನಿನ ತಗಾಲೊಗನೆಂಬುದನ್ನೂ ಮರೆಯಬಾರದು. ವಿಸಾಯ ದ್ವೀಪಗಳು ಅವನಿಗೆ ಕಡಲಾಚೆಯವು. ತನ್ನೂರಿನದಲ್ಲದ ಹಾಡನ್ನು ತನ್ನ ನಾಡಿನದೆಂದು ಎತ್ತಿಕೊಳ್ಳುವವನಿಗೆ ದೂರ ನಿಂತು ನೋಡುವ ಚಿತ್ರಕಾರನ ಪದವಿಯೇ ಉಚಿತವಾದುದು. ಅದೂ ಎಂಥ ಕಾಲ! ಜಪಾನೀಯರ ಸೈನ್ಯವು ಮನಿಲಾವನ್ನು ಹಿಡಿದು ಒಂದು ವರ್ಷವಾಗಿತ್ತು. ಎರಡೇ ವರ್ಷಗಳಲ್ಲಿ, ೧೯೪೫ರ ಫೆಬ್ರವರಿ ಮಾರ್ಚಿಗಳ ಕಾಳಗದಲ್ಲಿ, ಆ ನಗರದ ಬಹುಭಾಗ ಹಾಳಾಯಿತು.

‘ಮಯೋನ್’ ಹೆಚ್ಚು ಪ್ರಸಿದ್ಧ. ಅಲ್ಬಾಯ್ ಪ್ರಾಂತದ ಜ್ವಾಲಾಮುಖಿಯ ಹೆಸರನ್ನು ಹೊತ್ತ ಅದಕ್ಕೆ ಹೆಸರಿಗೆ ತಕ್ಕ ಗಾತ್ರವಿದೆ. ಆದರೂ ಹಳ್ಳಿಯ ಹಾಡು ಪಿಯಾನೋವಿನಲ್ಲಿ ಎಷ್ಟರಮಟ್ಟಿಗೆ ಬಾಳಬಲ್ಲುದೆಂಬ ನಮ್ಮ ಪ್ರಶ್ನೆಗೆ ಚಿಕ್ಕ ಕೃತಿಯೇ ಒಳ್ಳೆಯ ಸಾಕ್ಷಿಯೆಂದು ನಮ್ಮ ಅಭಿಪ್ರಾಯ. ಜಾನಪದ ಮಟ್ಟು ತನ್ನಲ್ಲಿಯೇ ಪೂರ್ಣವಾದುದು. ಎಳೆದು ಬೆಳೆಸಹೋದರೆ ತುಂಡುತುಂಡಾಗುವುದೇ ಹೆಚ್ಚು.

ನುಡಿಸುವವರಿಗೆ ಒಂದು ಮಾತು. ಪಿಯಾನೋವಿನ ಮೇಲೆ ಮೂರೆಣಿಕೆಯೆಂದೊಡನೆ ಅಭ್ಯಾಸದ ಬಲದಿಂದ ಎಡಗೈ ವಿಯೆನ್ನಾದ ವಾಲ್ಟ್ಸಿಗೆ ಜಾರುತ್ತದೆ. ವಾಲ್ಟ್ಸಿನಲ್ಲಿ ಜೋಡಿ ತಬ್ಬಿಕೊಂಡು ತಿರುಗುತ್ತದೆ. ಬಲಿತಾವಿನಲ್ಲಿ ಇಬ್ಬರ ನಡುವೆ ಯಾವಾಗಲೂ ಒಂದಿಷ್ಟು ಅಂತರವಿರುತ್ತದೆ. ಪ್ರತಿಯೊಂದು ಸಾಲಿನ ಕೊನೆಯಲ್ಲಿ ಕೈಯನ್ನು ಒಂದು ಉಸಿರಿನಷ್ಟು ಹೊತ್ತು ಎತ್ತಿ ಹಿಡಿದರೆ, ಆ ಅಂತರವು ಕೇಳುವವನ ಕಿವಿಗೂ ಬೀಳುತ್ತದೆ.