ನಡುವೆ ಯಾರೂ ಇಲ್ಲದ ಸಿಂಕ್

ಕಂಪ್ಯೂಟರಿನಲ್ಲಿ ಅರ್ಧಕ್ಕೆ ನಿಂತ ಕಥೆಯನ್ನು ಮೊಬೈಲಿನಲ್ಲಿ ಮುಂದುವರಿಸಲು ಹೆಚ್ಚಿನವರು ಗೂಗಲ್ ಡ್ರೈವನ್ನೋ ಡ್ರಾಪ್‌ಬಾಕ್ಸನ್ನೋ ನೆಚ್ಚುತ್ತಾರೆ. ಕೆಲವರು ತಮಗೆ ತಾವೇ ವಾಟ್ಸ್ಯಾಪ್ ಮಾಡಿಕೊಳ್ಳುತ್ತಾರೆ. ಇನ್ನೊಂದು ದಾರಿ ಸಿಂಕ್‌ಥಿಂಗ್. ಯಾಕೋಬ್ ಬೋರ್ಗ್ 2013ರಲ್ಲಿ ಹೊರತಂದ ಈ ಮುಕ್ತ ತಂತ್ರಾಂಶಕ್ಕೆ ಕಾಸು ಕೊಡಬೇಕಿಲ್ಲ, ಖಾತೆಯನ್ನೂ ತೆರೆಯಬೇಕಿಲ್ಲ.

ಇದರಲ್ಲಿ ನಮ್ಮ ಬರಹ ಯಾವ ಕಂಪನಿಯ ಸರ್ವರಿನಲ್ಲೂ ತಂಗದೆ, ನಮ್ಮದೇ ಸಾಧನಗಳ ನಡುವೆ ಸಾಗುತ್ತದೆ. ಪ್ರತಿ ಸಾಧನಕ್ಕೂ ಒಂದು ಉದ್ದನೆಯ ಗುರುತುಸಂಖ್ಯೆ. ಎರಡೂ ಕಡೆ ಒಪ್ಪಿದ ಮೇಲಷ್ಟೇ ಫೋಲ್ಡರ್ ಹಂಚಿಕೆ. ಸಾಗುವ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುತ್ತದೆ. ದೊಡ್ಡ ಫೈಲನ್ನು ತುಂಡುಗಳಾಗಿ ವಿಂಗಡಿಸಿ, ಬದಲಾದ ತುಂಡುಗಳನ್ನಷ್ಟೇ ಕಳಿಸುತ್ತದೆ. ಮನೆಯ ವೈಫೈ ಇದ್ದರೆ ಸಾಕು, ಇಂಟರ್ನೆಟ್ ಕೈಕೊಟ್ಟರೂ ಕೆಲಸ ನಿಲ್ಲದು.

ಬರಹಗಾರರು ಮೆಚ್ಚಬೇಕಾದ ಗುಣ ಇನ್ನೊಂದಿದೆ. ಒಂದೇ ಅಧ್ಯಾಯವನ್ನು ಎರಡೂ ಕಡೆ ತಿದ್ದಿಬಿಟ್ಟರೆ, ಇದು ಒಂದನ್ನು ಅಳಿಸಿ ಇನ್ನೊಂದನ್ನು ಮೆರೆಸುವುದಿಲ್ಲ. ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಗುರುತು ಹಚ್ಚಿ ಎರಡನೆಯ ಪ್ರತಿಯನ್ನೂ ಉಳಿಸುತ್ತದೆ. ಆಯ್ಕೆ ನಮ್ಮದೇ.

ಮಿತಿಗಳೂ ಇವೆ. ಎರಡೂ ಸಾಧನಗಳು ಒಂದೇ ಹೊತ್ತಿಗೆ ಚಾಲೂ ಇರಬೇಕು. ಮೂಲೆಗೆ ಬಿದ್ದ ಹಳೇ ಲ್ಯಾಪ್‌ಟಾಪನ್ನೂ ಈ ಹಂಚಿಕೆಗೆ ಸೇರಿಸಿ ಸದಾ ಆನ್ ಇಟ್ಟರೆ ಈ ಕೊರತೆ ನೀಗುತ್ತದೆ. ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಕೊನೆಗೆ ನಿಂತಿತು. ಆಸಕ್ತರು ಬೆಳೆಸಿದ ‘ಸಿಂಕ್‌ಥಿಂಗ್-ಫೋರ್ಕ್’ ಆ ಜಾಗ ತುಂಬಿದೆ. ಐಫೋನಿಗೆ ‘ಮೋಬಿಯಸ್ ಸಿಂಕ್’ ಇದೆ. ಯೂನಿಕೋಡ್ ಕನ್ನಡದಲ್ಲಿ, ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯುವವರಿಗಂತೂ ಇದು ಹೇಳಿಮಾಡಿಸಿದ ಜೊತೆ.