ಅಕ್ಕನ ಕಾಲ್ನಡಿಗೆ

12ನೆಯ ಶತಮಾನದ ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೂ ಅಲ್ಲಿಂದ ಶ್ರೀಶೈಲಕ್ಕೂ ನಡೆದಳೆಂಬ ಪರಂಪರೆಯನ್ನು ವಿಮರ್ಶಕರು ಒಪ್ಪುತ್ತಾರೆ. ನಡೆದ ಕಾಲುಗಳನ್ನು ಮರೆಯುತ್ತಾರೆ. ಹಸಿವಿಗೆ ಊರಿನ ಭಿಕ್ಷೆ, ತೃಷೆಗೆ ಕೆರೆಬಾವಿ, ನಿದ್ರೆಗೆ ಪಾಳುದೇಗುಲವೆಂದು ಆಕೆ ಎಣಿಸುವ ವಚನವು ವೈರಾಗ್ಯಕ್ಕೆ ನಿದರ್ಶನವಷ್ಟೇ ಅಲ್ಲ, ದಾರಿ ಬಲ್ಲವಳ ಲೆಕ್ಕವೂ ಹೌದು. ಗಿಳಿ, ಕೋಗಿಲೆ, ದುಂಬಿ, ನವಿಲುಗಳನ್ನು ಕೂಗಿ ಕೇಳುವಲ್ಲಿ ವಿರಹವಿದೆ, ನಿಜ. ಕಾಡಿನಲ್ಲಿ ಹಿಗ್ಗದ ಮನಸ್ಸಿಗೆ ಅವು ಅಷ್ಟೊಂದು ಕಂಡಾವೆ? ಕದಳಿಯನ್ನು ತನುಮನಗಳ ರೂಪಕವಾಗಿ ಅಕ್ಕನೇ ಹೇಳಿದ್ದಾಳೆಂದು ಆಕ್ಷೇಪಿಸಬಹುದು. ರೂಪಕಕ್ಕೂ ಮೊದಲು ಕಂಡ ಕಾಡೊಂದು ಬೇಕು.

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಸಹಸ್ರಾರು ಭಕ್ತರು ಇಂದಿಗೂ ಶ್ರೀಶೈಲಕ್ಕೆ ನಡೆಯುತ್ತಾರೆ. ಆತ್ಮಕೂರಿನ ಕಡೆಯಿಂದ ನಲ್ಲಮಲ ಅರಣ್ಯವನ್ನು ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮುನಿಕೊಲನುಗಳನ್ನು ಹಾದು ಕೈಲಾಸದ್ವಾರಕ್ಕೆ ಏರುವವರಲ್ಲಿ ಕಸರತ್ತಿನ ಅಭ್ಯಾಸವೇ ಇಲ್ಲದ ಗೃಹಿಣಿಯರೂ ಉಂಟು, ತಲೆಯ ಮೇಲೆ ಬುತ್ತಿಗಂಟು ಸಹಿತ. ಹರಕೆಯೆಂಬ ಹೆಸರಿಲ್ಲದೆ ಅವರಿಗೆ ಮನೆಯಿಂದ ಅಷ್ಟು ದಿನಗಳ ಬಿಡುವು ದೊರೆಯುವುದು ದುರ್ಲಭ. ಆ ಹೆಸರಿನ ಮರೆಯಲ್ಲಿ ಉಲ್ಲಾಸಕ್ಕೂ ಎಡೆ ದೊರೆಯುತ್ತದೆ. ಭಕ್ತಿಗೆ ಇದರಿಂದ ಕುಂದೇನೂ ಇಲ್ಲ. ಹೈದರಾಬಾದಿನಿಂದ ಅದೇ ನಲ್ಲಮಲವನ್ನು ಬಸ್ಸಿನಲ್ಲಿ ದಾಟುವ ಓದುಗರಿಗೆ ಕದಳಿಯು ಬರಿಯ ತತ್ತ್ವವಾಗಿ ತೋರುವುದು ಸಹಜ. ಪೆದ್ದಚೆರುವಿನ ದಡದಲ್ಲಿ ಕಾಲು ಚಾಚಿ ಕುಳಿತ ಹೆಂಗಸರನ್ನು ಕೇಳಿದರೆ ಬೇರೊಂದು ಅರ್ಥ ಹೊರಟೀತು.