ಯಾವುದರ ಹೊರಗೆ? ‘ಔಟ್‌ಸೈಡ್’ ಪದ, ಕನ್ನಡದ ‘ಹೊರ’ ಮತ್ತು ನೀಲಗಿರಿಯ ಬಡಗರು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಮಾತುಗಳ ಲಿಖಿತ ರೂಪ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ವಿಷಯ ತುಂಬ ಸಣ್ಣದು, ಒಂದೇ ಒಂದು ಪದ. ‘ಔಟ್‌ಸೈಡ್ ಫುಡ್ ತರಬಾರದು’, ‘ಸರ್ ಔಟ್‌ಸೈಡ್ ಹೋಗಿದಾರೆ’, ‘ಔಟ್‌ಸೈಡರ್ಸ್‌ಗೆ ಪ್ರವೇಶ ಇಲ್ಲ’. ಈ ಮೂರೂ ಮಾತು ದಿನಾ ಕೇಳ್ತೀವಿ. ಕನ್ನಡದಲ್ಲಿ ಪದ ಇಲ್ಲದೆ ಏನಿಲ್ಲ. ಹೊರಗೆ, ಆಚೆ, ಬಯಲು, ಹೊರಮೈ, ಬಾಹ್ಯ, ಎಲ್ಲ ಇವೆ. ಆದರೂ ಈ ಇಂಗ್ಲಿಷ್ ಪದ ಯಾಕೆ ಬೇಕಾಯ್ತು? ‘ಹೊರ’ ಅನ್ನೋ ಪದಕ್ಕೆ ಕನ್ನಡದಲ್ಲಿ ಒಂದು ಭಾರ ಇದೆ, ‘ಔಟ್‌ಸೈಡ್’ಗೆ ಆ ಭಾರ ಇಲ್ಲ. ಆ ಭಾರ ಯಾವುದು ಅಂತ ನೋಡೋದು ಈ ಪ್ರಬಂಧದ ಉದ್ದೇಶ.

1. ಮೂರು ಕ್ರಿಯಾಪದಗಳು

ಇಂಗ್ಲಿಷಿನ ‘ಔಟ್‌ಸೈಡ್’ ಮೊದಲು ಬಳಕೆಗೆ ಬಂದದ್ದು ನಾಮಪದವಾಗಿ, ಒಂದು ವಸ್ತುವಿನ ಹೊರಮೈ ಅನ್ನೋ ಅರ್ಥದಲ್ಲಿ. ಆಮೇಲೆ ಅದು ವಿಶೇಷಣವಾಯಿತು, ಅವ್ಯಯವಾಯಿತು. ಇವತ್ತು ಅದು ಒಂದು ಜಾಗವನ್ನು ತೋರಿಸುತ್ತದೆ, ಅಷ್ಟೆ. ಅಲ್ಲಿಗೆ ಒಬ್ಬರು ಹೇಗೆ ಹೋದರು ಅನ್ನೋದನ್ನು ಅದು ಹೇಳುವುದಿಲ್ಲ.

ಕನ್ನಡದ ‘ಹೊರ’ ಹಳಗನ್ನಡದ ‘ಪೊಱ’ದಿಂದ ಬಂದದ್ದು, ತಮಿಳಿನ ‘ಪುರಂ’ಗೆ ದಾಯಾದಿ. ನಾವು ದಿನಕ್ಕೆ ಹತ್ತು ಸಲ ಬಳಸುವ ‘ಹೊರಡು’ ಕೂಡ ‘ಪೊಱಮಡು’ ಅನ್ನೋದರ ಸವೆದ ರೂಪ. ತಮಿಳಿನ ‘ಪುರಪ್ಪಡು’ ಕೂಡ ಇದೇ ಜಾಡಿನದು. ಹೀಗೆ ‘ಹೊರ’ದ ಸುತ್ತ ಕನ್ನಡದಲ್ಲಿ ಮೂರು ಕ್ರಿಯೆಗಳಿವೆ. ಹೊರಡುವುದು, ಅಂದ್ರೆ ತಾನಾಗಿ ಹೋಗುವುದು. ಹೊರಗಾಗುವುದು, ಅಂದ್ರೆ ತನ್ನ ಇಚ್ಛೆ ಕೇಳದೆ ಆಗಿಬಿಡುವುದು. ಹೊರಗೆ ಹಾಕುವುದು, ಅಂದ್ರೆ ಬೇರೆಯವರು ಮಾಡುವುದು. ‘ಔಟ್‌ಸೈಡ್’ ಈ ಮೂರನ್ನೂ ಒಂದೇ ಜಾಗಕ್ಕೆ ತಂದು ನಿಲ್ಲಿಸಿ, ಯಾರು ಯಾರನ್ನು ಕಳಿಸಿದರು ಅನ್ನೋದನ್ನು ಮರೆಸುತ್ತದೆ.

‘ಅವಳು ಹೊರಗಾಗಿದ್ದಾಳೆ’ ಅಂದರೆ ಯಾವುದರ ಹೊರಗೆ ಅಂತ ನಮ್ಮಲ್ಲಿ ಯಾರೂ ಕೇಳೋದಿಲ್ಲ. ಅಡುಗೆಮನೆ, ದೇವರಮನೆ ಅಂತ ಆ ವಾಕ್ಯದೊಳಗೇ ಸೇರಿದೆ. ಇವತ್ತಿನ ಹುಡುಗಿಯರು ಅದರ ಬದಲು ‘ಪೀರಿಯಡ್ಸ್’ ಅಂತಾರೆ. ಇದನ್ನು ಬರೀ ಇಂಗ್ಲಿಷ್ ವ್ಯಾಮೋಹ ಅಂತ ತಳ್ಳಿಹಾಕಿದರೆ ತಪ್ಪಾಗುತ್ತೆ. ಹೊಸ್ತಿಲನ್ನು ಒಳಗಿಟ್ಟುಕೊಂಡಿರೋ ಒಂದು ಪದವನ್ನು ಅವರು ಬೇಡ ಅನ್ನುತ್ತಿದ್ದಾರೆ. ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಡುವ ಪದ್ಧತಿ ಮತ್ತೆ ಮತ್ತೆ ಸುದ್ದಿಯಾಗಿದೆ. ಮೌಢ್ಯ ನಿಷೇಧ ಕಾಯ್ದೆ ಎಂದೇ ಹೆಸರಾದ 2017ರ ಕರ್ನಾಟಕದ ಕಾಯ್ದೆ ಇಂಥ ಬಲವಂತದ ಪ್ರತ್ಯೇಕತೆಯನ್ನು ಅಪರಾಧ ಅನ್ನುತ್ತದೆ. ಅಂದರೆ ‘ಹೊರಗಾಗುವುದು’ ಅಂತ ಭಾಷೆ ಹೇಳಿದ್ದನ್ನು ಕಾನೂನು ‘ಹೊರಗೆ ಹಾಕುವುದು’ ಅಂತ ಓದಿತು. ವಿಮರ್ಶೆಯೂ ಮಾಡಬೇಕಾದ ಕೆಲಸ ಅದೇ ಅಂತ ನನ್ನ ಅನಿಸಿಕೆ.

2. ಪಠ್ಯಗಳಲ್ಲಿ ಹೊರಗು

ಅನಂತಮೂರ್ತಿಯವರ ‘ಸಂಸ್ಕಾರ’ (1965) ಈ ಮೂರು ಕ್ರಿಯೆಗಳ ಕಾದಂಬರಿ. ನಾರಣಪ್ಪನನ್ನು ಅಗ್ರಹಾರ ಹೊರಗೆ ಹಾಕಬೇಕಿತ್ತು, ಹಾಕಲಿಲ್ಲ. ಹಾಕಿದರೆ ಮುಸಲ್ಮಾನನಾಗ್ತೀನಿ ಅಂತ ಅವನು ಹೆದರಿಸಿದ್ದ. ಸತ್ತ ಮೇಲೂ ಅವನ ಹೆಣ ಒಳಗೇ ಉಳಿಯಿತು. ಕೊನೆಗೆ ಹೊರಟವರು ಯಾರು? ಅಗ್ರಹಾರದ ಕೇಂದ್ರದಲ್ಲಿದ್ದ ಪ್ರಾಣೇಶಾಚಾರ್ಯರು. ಹೊರಗೆ ಹಾಕಲಾಗದವನಿಂದಾಗಿ ಒಳಗಿನವನೇ ಹೊರಡಬೇಕಾಯಿತು. ‘ಘಟಶ್ರಾದ್ಧ’ದ ಯಮುನಕ್ಕನಿಗೆ ಆ ಅವಕಾಶ ಇಲ್ಲ. ಬದುಕಿರುವಾಗಲೇ ಅವಳ ಶ್ರಾದ್ಧ ಆಗುತ್ತದೆ. ಆಚಾರ್ಯರಿಗೆ ‘ಹೊರಡು’, ಯಮುನಕ್ಕನಿಗೆ ‘ಹೊರಗೆ ಹಾಕು’. ಒಬ್ಬನೇ ಲೇಖಕನಲ್ಲಿ ಗಂಡಿಗೂ ಹೆಣ್ಣಿಗೂ ಕ್ರಿಯಾಪದ ಬೇರೆಯಾಗಿರೋದನ್ನು ನಾವು ಗಮನಿಸಬೇಕು.

ಸಿದ್ಧಲಿಂಗಯ್ಯನವರ ಆತ್ಮಕಥೆಗೆ ‘ಊರುಕೇರಿ’ ಅಂತ ಹೆಸರು. ಊರಿನ ಹೊರಗೆ ಕೇರಿ ಅನ್ನೋದು ರೂಢಿಯ ಮಾತು. ಅವರು ನಡುವಿನ ‘ಹೊರಗೆ’ಯನ್ನು ತೆಗೆದು ಎರಡನ್ನೂ ಒಂದೇ ಪದ ಮಾಡಿದರು. 2013ರ ಇಂಗ್ಲಿಷ್ ಆವೃತ್ತಿಗೆ ‘ಎ ವರ್ಡ್ ವಿತ್ ಯೂ, ವರ್ಲ್ಡ್’ ಅನ್ನೋ ಶೀರ್ಷಿಕೆ ಬಂತು. ಚೆನ್ನಾಗಿದೆ, ಆದರೆ ಅಲ್ಲಿ ಊರೂ ಇಲ್ಲ ಕೇರಿಯೂ ಇಲ್ಲ. ಯಾವುದರ ಹೊರಗೆ ಅನ್ನೋ ಪ್ರಶ್ನೆ ಅಲ್ಲಿ ಅಳಿಸಿಹೋಗಿದೆ.

‘ಸಂಸ್ಕಾರ’ವನ್ನು 1976ರಲ್ಲಿ ಇಂಗ್ಲಿಷಿಗೆ ತಂದ ಎ.ಕೆ. ರಾಮಾನುಜನ್ ಒಳಗು-ಹೊರಗಿನ ಬಗ್ಗೆ ತುಂಬ ಯೋಚಿಸಿದವರು. ಸಂಗಂ ಕಾವ್ಯದ ಅಗಂ-ಪುರಂ ಕಲ್ಪನೆಯನ್ನು ತಂದು ಕನ್ನಡ ಜಾನಪದವನ್ನು ಎರಡು ಲೋಕಗಳಾಗಿ ಓದಿದರು. ಅಡುಗೆಮನೆಯಲ್ಲಿ ಅಜ್ಜಿ ಹೇಳೋ ಕಥೆ ಅಗಂ, ಅಲ್ಲಿ ಪಾತ್ರಗಳಿಗೆ ಹೆಸರಿರೋದಿಲ್ಲ. ಬಯಲಲ್ಲಿ ವೃತ್ತಿಗಾಯಕರು ಹಾಡೋ ಕಥೆ ಪುರಂ, ಅಲ್ಲಿ ಹೆಸರು, ಊರು, ಕುಲ ಎಲ್ಲ ಬೇಕು. ಅಂದ್ರೆ ಹೊರಗೆ ಹೋದ ಕೂಡಲೇ ನಮಗೊಂದು ಹೆಸರು ಬೇಕಾಗುತ್ತೆ. ಮೈಸೂರಿನ ಅವರ ಬಾಲ್ಯದಲ್ಲಿ ಮಹಡಿಯ ಮೇಲೆ ತಂದೆಯ ಕೋಣೆಯಲ್ಲಿ ಇಂಗ್ಲಿಷ್, ಕೆಳಗೆ ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಅವರ ಪಾಲಿಗೆ ಕನ್ನಡವೇ ಹೊರಗಿನ ಭಾಷೆ!

3. ಹೊರನಾಡು ಯಾರದು?

ನಾನು ಈಗ ಮಾತಾಡ್ತಿರೋ ಜಾಗದ ಹೆಸರು ಅವಲಾಂಚ್. ಇಲ್ಲಿ ಹಿಮ ಬೀಳೋದಿಲ್ಲ. 19ನೇ ಶತಮಾನದ ಆರಂಭದಲ್ಲಿ ಆದ ಒಂದು ದೊಡ್ಡ ಭೂಕುಸಿತದಿಂದ ಇಂಗ್ಲಿಷರು ಇಟ್ಟ ಹೆಸರು ಹಾಗೇ ನಿಂತಿದೆ. ಹೊರಗಿನಿಂದ ಬಂದ ಹೆಸರು ಅಂದರೆ ಇದು. ಆದರೆ ಈ ಬೆಟ್ಟದಲ್ಲಿ ಇನ್ನೂ ಹಳೆಯ ಇಂಥ ಹೆಸರೊಂದಿದೆ: ಬಡಗ. ಬಡಗು ಅಂದ್ರೆ ಉತ್ತರ, ಬಡಗರು ಅಂದ್ರೆ ಬಡಗಣದಿಂದ ಬಂದವರು. ಮೈಸೂರು ಸೀಮೆಯಿಂದ ಹೊರಟು ಬಂದ ನೆನಪೇ ಜನಾಂಗದ ಹೆಸರಾಗಿದೆ. ಇವರು ತಮ್ಮ ಊರನ್ನು ಹಟ್ಟಿ ಅಂತಾರೆ. ಬಯಲುಸೀಮೆಯಲ್ಲಿ ಎಷ್ಟೋ ಕಡೆ ಊರಿನಾಚೆಯ ವಸತಿಗೆ ಹೇಳೋ ಪದ ಇಲ್ಲಿ ಊರಿಗೇ ಹೆಸರು.

1846ರಲ್ಲಿ ಕೇತ್ತಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ ಬಡಗರ ನಡುವೆ ಕನ್ನಡವನ್ನೇ ಬಳಸಿತು. ಇವತ್ತು ಶಾಲೆ, ಕಚೇರಿಯ ಭಾಷೆ ತಮಿಳು. ಹಾಕಿಂಗ್ಸ್ ಮತ್ತು ಪಿಲೋ-ರೈಶೂರ್ ಅವರು 1992ರಲ್ಲಿ ಬಡಗ–ಇಂಗ್ಲಿಷ್ ನಿಘಂಟನ್ನು ತಂದು ಅದನ್ನು ಸ್ವತಂತ್ರ ಭಾಷೆಯಾಗಿಯೇ ನೋಡಿದರು. 2011ರ ಜನಗಣತಿ ಮಾತ್ರ ಸುಮಾರು 1.33 ಲಕ್ಷ ಬಡಗ ಭಾಷಿಕರನ್ನು ಕನ್ನಡದ ಅಡಿಯಲ್ಲೇ ಎಣಿಸುತ್ತದೆ. ನಾವು ಕನ್ನಡ ವಿಭಾಗದವರು ಅವರನ್ನು ‘ಹೊರನಾಡ ಕನ್ನಡಿಗರು’ ಅನ್ನುತ್ತೇವೆ. ಲೆಕ್ಕದಲ್ಲಿ ಒಳಗೆ, ಹೆಸರಲ್ಲಿ ಹೊರಗೆ.

ಈಗ ಮೂರು ಕ್ರಿಯಾಪದಗಳನ್ನು ಇಲ್ಲಿಗೆ ತರೋಣ. ಬಡಗರು ಶತಮಾನಗಳ ಹಿಂದೆ ಹೊರಟವರು. ‘ಹೊರನಾಡು’ ಅನ್ನೋ ಪದ ಇವತ್ತು ನಿಂತಿರೋದು 1956ರ ಗಡಿಯ ಮೇಲೆ. ಆ ವರ್ಷ ಕೊಳ್ಳೇಗಾಲ ಮದ್ರಾಸಿನಿಂದ ಮೈಸೂರಿಗೆ ಬಂತು, ನೀಲಗಿರಿ ಅಲ್ಲೇ ಉಳಿಯಿತು. ಕೊಳ್ಳೇಗಾಲದವರು ಹೊರಡದೆಯೇ ಒಳಗಾದರು. ಬಡಗರು ಇದ್ದಲ್ಲೇ ಇದ್ದು ಹೊರನಾಡಿನವರಾದರು. ತಾವಾಗಿ ಹೊರಟ ಒಂದು ಜನಾಂಗವನ್ನು ನಮ್ಮ ಪರಿಭಾಷೆ ‘ಹೊರಗಾದವರು’ ಅಂತ ಬರೆದುಕೊಂಡಿದೆ. ಅವರ ಹಾಡು, ಕಥೆಗಳನ್ನು ‘ಕನ್ನಡದ ಉಪಭಾಷೆಯ ಸಾಮಗ್ರಿ’ ಅಂತ ಓದುವಾಗ ಆಗೋ ನಷ್ಟ ಇದು: ಹೊರಟವರ ಕಥೆಯನ್ನು ಕಳೆದುಹೋದವರ ಕಥೆಯಾಗಿ ಓದುತ್ತೇವೆ.

ಚರ್ಚೆಯಿಂದ

ಪ್ರಶ್ನೆ: ‘ಹೊರನಾಡು’ ಬರೀ ಆಡಳಿತಾತ್ಮಕ ಪದ ಅಲ್ವಾ? ಇಷ್ಟು ಭಾರ ಹೊರಿಸಬೇಕಾ?

ಉತ್ತರ: ಮೇಡಂ, ಆಡಳಿತದ ಪದ ಅಂತಲೇ ನನಗೆ ಆತಂಕ. ದುಬೈಗೆ ಕೆಲಸಕ್ಕೆ ಹೋದವರನ್ನೂ, ಕಾಸರಗೋಡಿನಲ್ಲಿ ತಲೆತಲಾಂತರದಿಂದ ಇರೋವರನ್ನೂ ‘ಹೊರ’ ಅನ್ನೋ ಒಂದೇ ಪದ ಹಿಡಿದುಬಿಡುತ್ತೆ. ಒಬ್ಬರು ಹೊರಟವರು, ಇನ್ನೊಬ್ಬರ ಸುತ್ತ ಗೆರೆ ಎಳೆದದ್ದು. ಆ ವ್ಯತ್ಯಾಸ ಆಡಳಿತಕ್ಕೆ ಬೇಡದಿರಬಹುದು, ಸಾಹಿತ್ಯ ಚರಿತ್ರೆಗೆ ಬೇಕು.

ಪ್ರಶ್ನೆ: ಹಾಗಾದ್ರೆ ಬಡಗ ಕನ್ನಡವೋ ಅಲ್ಲವೋ? ನೇರವಾಗಿ ಹೇಳಿ.

ಉತ್ತರ: ಸರ್, ಎರಡರ ಬೇರು ಒಂದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದನ್ನು ಮಾತಾಡೋರಲ್ಲಿ ಬಹಳ ಜನ ‘ನಮ್ಮದು ಬಡಗ’ ಅಂತಲೇ ಹೇಳ್ತಾರೆ. ಅವರನ್ನು ಒಳಗೆ ಕರೆಯೋದಕ್ಕೂ ಹೊರಗಿಡೋದಕ್ಕೂ ಮೊದಲು, ಆ ಹೊಸ್ತಿಲು ನಮ್ಮದೇನಾ ಅಂತ ಕೇಳಿಕೊಳ್ಳಬೇಕು. ಕನ್ನಡ ಎಂ.ಎ. ಪಠ್ಯದಲ್ಲಿ ಬಡಗದ ಒಂದು ಕಥೆಯನ್ನು ಬಡಗದಲ್ಲೇ, ಪಕ್ಕದ ಭಾಷೆಯ ಸಾಹಿತ್ಯ ಅಂತ ಇಟ್ಟು ಓದಿಸಿದರೆ ಸಾಕು, ಅಲ್ಲಿಂದ ಶುರು ಮಾಡಬಹುದು.